ಹರಿಯುವ ಹಿಮವೂ ಹೆಣ್ಣು ನೋಡುವ ಶಾಸ್ತ್ರವೂ

ಕಡೂರಿನ ಬಸ್ ನಿಲ್ದಾಣದ ಕಬ್ಬಿನ ಹಾಲಿನ ಅಂಗಡಿಯಲ್ಲಿ ಗೋಣಿತಾಟು ಹೊದ್ದು, ಮರದ ಹೊಟ್ಟಿನಲ್ಲಿ ಹೊರಳಿ ಮಲಗಿರುವ ಮಂಜುಗಡ್ಡೆಯನ್ನು ಕಂಡರೆ ನಿಮಗೆ ಬಾಯಾರಿಕೆಯಾಗಬಹುದು. ನನಗೆ ಎದೆ ಡವಗುಟ್ಟುತ್ತದೆ. ಎಪ್ಪತ್ತರ ದಶಕದ ಕೊನೆಯಲ್ಲಿ, ತರೀಕೆರೆಯಲ್ಲಿ ಕನ್ನಡ ಮೇಷ್ಟರಾಗಿದ್ದ ನಾನು, ಚಿಕ್ಕಮ್ಮನ ಮಗ ಪರಮೇಶನಿಗೆ ಹೆಣ್ಣು ಹುಡುಕುವ ಹೊಣೆ ಹೊತ್ತುಕೊಂಡದ್ದರ ಫಲವಿದು.

ಪರಮೇಶ ಬೆಂಗಳೂರಿನ ಸಂಶೋಧನಾಲಯವೊಂದರಲ್ಲಿದ್ದ. ಧ್ರುವಪ್ರದೇಶದ ಮಹಾಹಿಮರಾಶಿಗಳು ತಮ್ಮ ಭಾರಕ್ಕೆ ತಾವೇ ಬಾಗಿ, ಅತಿ ನಿಧಾನವಾಗಿ ಹರಿಯುತ್ತವಂತೆ. ಆ ಹರಿವನ್ನು ಸಮೀಕರಣಗಳಲ್ಲಿ ಹಿಡಿದು, ರಟ್ಟಿನ ಕಾರ್ಡುಗಳಿಗೆ ತೂತು ಹೊಡೆದು, ಕಂಪ್ಯೂಟರಿಗೆ ಉಣಿಸುವುದು ಅವನ ಉದ್ಯೋಗ. ಹುಡುಗ ಐಸ್ ಫ್ಯಾಕ್ಟರಿಯಲ್ಲಿದ್ದಾನೆಂದು ತಪ್ಪು ತಿಳಿದ ಬೀರೂರಿನವರೊಬ್ಬರು ಹಿಂದೆ ಸರಿದಿದ್ದರು. ಹಿಮ ಹರಿಯುವುದಕ್ಕೆ ಮೊದಲೇ ಸಂಬಂಧ ಹರಿದಿತ್ತು.

ಆದ್ದರಿಂದಲೇ ಅಜ್ಜಂಪುರದ ಈರುಳ್ಳಿ ವ್ಯಾಪಾರಿ ರುದ್ರಪ್ಪನವರ ಮಗಳು, ಬಿ.ಎಸ್ಸಿ. ಮುಗಿಸಿದ್ದ ಪಾರ್ವತಿಯನ್ನು ನೋಡಲು ಹೊರಟಾಗ, ಕಡೂರಿನಲ್ಲಿ ರೈಲಿಳಿದ ಪರಮೇಶನಿಗೆ ಕಬ್ಬಿನ ಹಾಲು ಕುಡಿಸುತ್ತಲೇ ಪಾಠ ಹೇಳಿದೆ: “ಲೇ, ಹಿಮ ಗಿಮ ಅನ್ಬೇಡ ಕಣೋ. ವಿಜ್ಞಾನಿ ಅಂದ್ರೆ ಸಾಕು.”

“ಆಯ್ತಣ್ಣ” ಎಂದ, ಅಂಗಡಿಯ ಮಂಜುಗಡ್ಡೆಯನ್ನೇ ನೋಡುತ್ತ.

ರುದ್ರಪ್ಪನವರು ಮಂಡಕ್ಕಿಯ ತಟ್ಟೆ ಮುಂದಿಟ್ಟು ಕೆಲಸ ಏನೆಂದು ಕೇಳಿದ್ದೇ ತಡ, ನನ್ನ ಪಾಠ ಗಾಳಿಗೆ ಹೋಯಿತು. ಪರಮೇಶ ಹಿಮದ ಕಥೆಯನ್ನೆಲ್ಲ ಬಿಚ್ಚಿದ.

“ಗಟ್ಟಿ ಇರೋದು ಹೆಂಗಪ್ಪಾ ಹರೀತದೆ?”

“ಮೇಲಿನ ಭಾರಕ್ಕೆ ಒಳಗೊಳಗೇ ಜಾರುತ್ತೆ, ಯಜಮಾನ್ರೇ. ಒತ್ತಡ ಎರಡರಷ್ಟಾದ್ರೆ ವೇಗ ಎಂಟರಷ್ಟಾಗುತ್ತೆ.”

“ಅಲ್ಲಿಗೋಗಿ ನೋಡಿದೀರಾ?”

“ಇಲ್ಲ.”

ನನ್ನ ಬೊಗಸೆಯ ಮಂಡಕ್ಕಿ ಬಾಯಿಗೆ ಹೋಗದೆ ನಿಂತಿತು. ಅಷ್ಟರಲ್ಲಿ ಬಾಗಿಲ ಬಳಿ ನಿಂತಿದ್ದ ಪಾರ್ವತಿ ಕೇಳಿದಳು: “ಹಿಮದಡಿ ನೆಲ ಹೆಂಗಿದೆ ಅಂತ ಗೊತ್ತಾ?”

“ಅದೇ ಗೊತ್ತಿಲ್ಲ ಕಣ್ರೀ. ತಳ ಒದ್ದೆಯಿದ್ರೆ ಜಾರುತ್ತೆ, ಹೆಪ್ಪುಗಟ್ಟಿದ್ರೆ ಅಂಟ್ಕೊಂಡಿರುತ್ತೆ. ಏನೋ ಒಂದು ಊಹಿಸ್ತೀನಿ. ಊಹೆ ತಪ್ಪಿದ್ರೆ ಇಡೀ ಲೆಕ್ಕಾನೇ ತಪ್ಪು. ಆ ಭಯಕ್ಕೆ ಎಷ್ಟೋ ಸಲ ಊಟಾನೇ ಸೇರಲ್ಲ.”

ರುದ್ರಪ್ಪನವರು ಸೂರು ನೋಡಿದರು. ಗಾಬರಿಗೆ ನಾನು, “ಸಂಬಳ ಮಾತ್ರ ತಪ್ಪಲ್ಲ” ಎಂದೆ.

“ಅಪ್ಪಾಜಿ,” ಎಂದಳು ಪಾರ್ವತಿ, “ಇಲ್ಲೀತಂಕ ಬಂದೋರೆಲ್ಲ ಎಲ್ಲಾ ಗೊತ್ತು ಅಂದ್ರು. ಗೊತ್ತಿಲ್ಲ ಅಂದೋರು ಇವರೊಬ್ರೇ. ನಂಗೊಪ್ಗೆ.”

ರುದ್ರಪ್ಪನವರು ನನ್ನತ್ತ ತಿರುಗಿದರು. “ಮೇಷ್ಟ್ರೇ, ಹುಡುಗ ಒಳ್ಳೇವ್ನಾ?”

“ಒಳ್ಳೇವ್ನು” ಎಂದೆ. ಅಂದು ನಾನಾಡಿದ ಮಾತುಗಳಲ್ಲಿ ಅಳುಕಿಲ್ಲದೆ ಆಡಿದ್ದು ಅದೊಂದೇ.

ಆತಂಕವನ್ನು ಬಚ್ಚಿಡುವುದೇ ಮರ್ಯಾದೆಯೆಂದು ನಂಬಿ ಬೆಳೆದ ನನಗೆ, ಅದನ್ನು ಇನ್ನೊಬ್ಬರೆದುರು ಬಿಚ್ಚಿಡುವುದೂ ಒಂದು ಬಗೆಯ ಆಹ್ವಾನವೆಂದು ಹೊಳೆದದ್ದು ಆಗ. ಪಾರ್ವತಿ ಹೊಸ್ತಿಲು ದಾಟಿ ಬಂದು, ಪರಮೇಶನೆದುರು ಕುರ್ಚಿ ಎಳೆದುಕೊಂಡು ಕೂತು, ಆ ತಳವನ್ನು ಊಹಿಸುವುದು ಹೇಗೆಂದು ಕೇಳತೊಡಗಿದಳು. ಸಂಜೆಯ ಬಸ್ಸು ಬರುವವರೆಗೂ ಅವರಿಬ್ಬರು ರುದ್ರಪ್ಪನವರನ್ನಾಗಲಿ ನನ್ನನ್ನಾಗಲಿ ಏನೂ ಕೇಳಲಿಲ್ಲ.