ದಾಮೋದರರಾಯರಿಗೊಂದು ಶಾಲು

ಪದ್ಮಾವತಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಅವಳ ತಂದೆ ಧಾರವಾಡ ಬಿಟ್ಟು ಬಂದು ವಡೋದರಾದ ಮಕರಪುರದಲ್ಲಿ ಲೇತ್ ಮೆಷಿನ್ನಿನ ಮುಂದೆ ಆಯುಷ್ಯ ಕಳೆದವರು. 'ಸುಮ್‌ಸುಮ್ನ ಸಿಟ್ಟಾಗಬ್ಯಾಡ ಪದ್ದಿ. ಆದ್ರ ಸಿಟ್ಟು ಬರಬೇಕಾದಲ್ಲಿ ನುಂಗಲೂಬ್ಯಾಡ' ಎನ್ನುತ್ತಿದ್ದರು. ಈ ಮಾತಿನ ಮೊದಲರ್ಧವನ್ನು ಅವಳು ಯಾವತ್ತೂ ಪಾಲಿಸಲಿಲ್ಲ, ಬಿಡಿ.

ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ ಮುಗಿಸಿ ಅವಳು ಸೇರಿದ್ದು ಅಹಮದಾಬಾದಿನ ಹೊರವಲಯದ ಒಂದು ವಿಶ್ವವಿದ್ಯಾಲಯದ ಮೆದುಳಿನ ಸಂಶೋಧನಾಲಯಕ್ಕೆ. ಸತ್ತ ಮೇಲೆ ಮೆದುಳನ್ನು ದಾನ ಮಾಡುವವರು ಇರುತ್ತಾರಲ್ಲ, ಅದು ಬಂದು ಸೇರುವುದು ಇಲ್ಲಿಗೇ. ಅದನ್ನು ಹೋಳು ಮಾಡಿ, ಚೀಲಕ್ಕೆ ಹಾಕಿ, ಚೀಟಿ ಅಂಟಿಸಿ, ಡೀಪ್ ಫ್ರೀಜರಿನಲ್ಲಿ ಜೋಡಿಸುವುದು ಅವಳ ಕೆಲಸ. ಮೊದಮೊದಲು ಮನೆಗೆ ಹೋದರೆ ಊಟ ಸೇರುತ್ತಿರಲಿಲ್ಲ. ಆಮೇಲೆ ರೂಢಿಯಾಯಿತು. ಆದರೆ 'ಸ್ಯಾಂಪಲ್' ಎಂಬ ಮಾತು ಮಾತ್ರ ಅವಳ ಬಾಯಿಗೆ ಬರಲೇ ಇಲ್ಲ. 'ಅವರನ್ನು ಒಳಗಿಟ್ಟೆ' ಎನ್ನುತ್ತಿದ್ದಳು. ಪಿಎಚ್‌ಡಿ ಹುಡುಗರು ನಗುತ್ತಿದ್ದರು; ನಕ್ಕವರೆಲ್ಲ ಡಾಕ್ಟರಾಗಿ ಹೋದರು, ಇವಳು ಅಲ್ಲೇ ಇದ್ದಳು.

ಅದೇ ಊರಿನ ನವರಂಗಪುರದ ಸುಶೀಲಾಬಾಯಿ ಅವಳಿಗೆ ಕನ್ನಡ ಸಂಘದ ಪರಿಚಯ. ಅವರ ಗಂಡ ದಾಮೋದರರಾಯರು ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು. ಕೊನೆಗಾಲದಲ್ಲಿ ಅವರಿಗೆ ಎಲ್ಲ ಮರೆತುಹೋಗಿ, ಹೆಂಡತಿಯನ್ನೇ 'ಅವ್ವಾ' ಎಂದು ಕರೆಯುತ್ತಿದ್ದರು. ಅವರು ತೀರಿಕೊಂಡಾಗ, ಮೆದುಳನ್ನು ದಾನ ಕೊಡುತ್ತೀರಾ ಎಂದು ಪದ್ಮಾವತಿಯೇ ಬಾಯಿಬಿಟ್ಟು ಕೇಳಿದಳು. ಬಂಧುಗಳು ಕೆಂಡವಾದರು. 'ತಲಿ ಖಾಲಿ ಮಾಡಿ ಸುಟ್ರ ಸದ್ಗತಿ ಹೆಂಗ ಸಿಗತದ?' ಎಂದು ಮೈದುನ ಪದ್ಮನಾಭ ಎದ್ದು ಹೋದವನು ಅತ್ತಿಗೆಯ ಜೊತೆ ಮಾತೇ ಬಿಟ್ಟ. ಸುಶೀಲಾಬಾಯಿ ಜಗ್ಗಲಿಲ್ಲ.

'ನನ್ನ ಯಾಕ ಮರತ್ರು ಅನ್ನೋದು ನಾಳೆ ಯಾರಿಗರೆ ಗೊತ್ತಾಗಲಿ. ಪದ್ದಿ, ಅವರನ್ನ ನಿನ್ನ ಕೈಯಾಗ ಕೊಟ್ಟೇನಿ.'

'ಜ್ವಾಕಿಂದ ನೋಡ್ಕೋತೀನಿ ಕಾಕು' ಎಂದಳು ಪದ್ಮಾವತಿ.

ದೀಪಾವಳಿಯ ರಜೆಯ ಮುಂಚಿನ ದಿನ ಫ್ರೀಜರ್ ಕೂಗತೊಡಗಿತು. ಒಳಗಿನ ತಂಪು ಕಡಿಮೆಯಾಗುತ್ತಿದೆ ಎನ್ನುವುದಕ್ಕೆ ಅದರ ಅಲಾರಂ. ಮುಖ್ಯಸ್ಥ ಪ್ರೊಫೆಸರ್ ಝವೇರಿ ಕಂಪ್ಯೂಟರಿನ ಮುಂದೆ ಭಾಷಣ ರೆಕಾರ್ಡ್ ಮಾಡುತ್ತಿದ್ದವರು ಸಿಡುಕುತ್ತ ಬಂದು ಅಲಾರಂ ಆರಿಸಿದರು. ಪಕ್ಕದ ವಿಭಾಗದ ಫ್ರೀಜರಿನಲ್ಲಿ ಜಾಗವಿದೆ, ಎಲ್ಲರನ್ನೂ ಅಲ್ಲಿಗೆ ಸಾಗಿಸುತ್ತೇನೆ ಎಂದಳು ಪದ್ಮಾವತಿ. ಆದರೆ ಆ ವಿಭಾಗದ ಮುಖ್ಯಸ್ಥರಿಗೂ ಝವೇರಿಗೂ ಎಣ್ಣೆ ಸೀಗೆಕಾಯಿ. ಅವರ ಮುಂದೆ ಹೋಗಿ ಕೈಚಾಚುವುದೆಂದರೆ ಈ ಮಹಾನುಭಾವರ ಮೀಸೆ ಮಣ್ಣಾಗುತ್ತಿತ್ತಂತೆ.

'ಯಾರನ್ನೂ ಕೇಳುವುದು ಬೇಡ. ಮೆಕ್ಯಾನಿಕ್ಕನ್ನು ನಾನು ಇವತ್ತೇ ಕರೆಸುತ್ತೇನೆ. ನೀನು ಹಬ್ಬಕ್ಕೆ ಹೋಗು' ಎಂದರು ಝವೇರಿ.

ಕರೆಸಲಿಲ್ಲ. ಲಾಭ ಪಂಚಮಿಯವರೆಗೆ, ಅಂದರೆ ದೀಪಾವಳಿ ಕಳೆದು ಐದನೆಯ ದಿನದವರೆಗೆ, ಗುಜರಾತಿನಲ್ಲಿ ಅಂಗಡಿ ಕಚೇರಿ ಯಾವುದೂ ಬಾಗಿಲು ತೆಗೆಯುವುದಿಲ್ಲ. ತೆಗೆದ ದಿನ ಪದ್ಮಾವತಿ ವಡೋದರಾದಿಂದ ನೇರ ಲ್ಯಾಬಿಗೆ ಬಂದಳು. ಫ್ರೀಜರಿನ ಕೆಳಗೆ ನೀರು ಹರಡಿತ್ತು. ಬಾಗಿಲು ತೆಗೆದಾಗ ಬಂದ ವಾಸನೆಯೇ ಎಲ್ಲ ಹೇಳಿತು; ಅವಳಿಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ.

'ಮರೆತುಹೋಯಿತು. ಏನು ಮಾಡೋಣ, ಆಗುತ್ತದೆ' ಎಂದರು ಝವೇರಿ. 'ಎಲ್ಲವನ್ನೂ ಹಳದಿ ಚೀಲಕ್ಕೆ ತುಂಬಿಡು, ಗಾಡಿ ಬಂದಾಗ ಒಯ್ಯುತ್ತಾರೆ. ಮನೆಯವರಿಗೆ ಹೇಳುವ ಅಗತ್ಯವಿಲ್ಲ.'

ಹಳದಿ ಚೀಲವೆಂದರೆ ಆಸ್ಪತ್ರೆಯ ಹತ್ತಿ, ಬ್ಯಾಂಡೇಜು, ಕತ್ತರಿಸಿ ತೆಗೆದ ಕೊಳಕು ಎಲ್ಲ ಸುಡಲು ಹೋಗುವ ಚೀಲ. ಪದ್ಮಾವತಿಯ ಮೈ ಉರಿದುಹೋಯಿತು. ಚೀಲಗಳಿಗೆ ತುಂಬಿದಳು, ಹೌದು. ತುಂಬುವಾಗ ಪ್ರತಿಯೊಬ್ಬರ ಹೆಸರನ್ನೂ ಮೇಲೆ ಬರೆದಳು. ಗಾಡಿ ಬಂದಾಗ ಮಾತ್ರ ಇನ್ನೂ ತುಂಬಿಲ್ಲ ಎಂದು ಸುಳ್ಳು ಹೇಳಿ ವಾಪಸು ಕಳಿಸಿ, ಎಲ್ಲವನ್ನೂ ಕೆಳಗಿನ ತಣ್ಣನೆಯ ಕೋಣೆಯಲ್ಲಿಟ್ಟು ಬೀಗ ಜಡಿದಳು. ಸುಶೀಲಾಬಾಯಿಗೆ ಫೋನ್ ಮಾಡಲು ಹೋದಳು. ನಂಬರ್ ಒತ್ತುವ ಧೈರ್ಯ ಬರಲಿಲ್ಲ. ಆಗ ತನ್ನ ಮೇಲೂ ಸಿಟ್ಟು ಬಂತು.

ಇಷ್ಟಾದರೂ ತೆಪ್ಪಗಿದ್ದರೆ ಅವರು ಝವೇರಿ ಹೇಗಾದಾರು? ಅದೇ ವಾರ ದಾನಿಗಳ ಮನೆಯವರಿಗೆ ಸನ್ಮಾನ ಇಟ್ಟುಕೊಂಡರು. ದೇಣಿಗೆ ಕೊಡಲು ಸೂರತ್ತಿನಿಂದ ವಜ್ರದ ವ್ಯಾಪಾರಿಯೊಬ್ಬರು ಬರುವವರಿದ್ದರು. ಅವರ ಕಣ್ಣಿಗೆ ಎಲ್ಲ ಚೆನ್ನಾಗಿ ಕಾಣಬೇಕಿತ್ತು. ಸುಶೀಲಾಬಾಯಿಗೂ ಕಾರು ಹೋಯಿತು. ಅವರಿಗೆ ಇಂಗ್ಲಿಷ್ ಬಾರದು, ತರಕಾರಿ ಕೊಳ್ಳುವಷ್ಟು ಹಿಂದಿ ಬರುತ್ತದೆ. ಆದ್ದರಿಂದ ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಹೇಳುವ ಕೆಲಸ ಪದ್ಮಾವತಿಗೇ ಬಂತು. 'ನಾನು ಹೇಳಿದಷ್ಟೇ ಹೇಳು. ಜನವರಿಯಲ್ಲಿ ನಿನ್ನ ಕಾಂಟ್ರಾಕ್ಟ್ ನನ್ನ ಮೇಜಿಗೇ ಬರುವುದು' ಎಂದು ಝವೇರಿ ಮೊದಲೇ ನೆನಪಿಸಿದ್ದರು.

ವೇದಿಕೆಯ ಮೇಲೆ ಅವರು ಸುಶೀಲಾಬಾಯಿಗೆ ರೇಷ್ಮೆ ಅಂಚಿನ ಶಾಲು ಹೊದಿಸಿ, ನಗುನಗುತ್ತ ಇಂಗ್ಲಿಷಿನಲ್ಲಿ ಹೇಳಿದರು: 'ನಿಮ್ಮ ಪತಿ ನಮ್ಮ ಹತ್ತಿರ ಸುರಕ್ಷಿತವಾಗಿದ್ದಾರೆ.'

ಸುಶೀಲಾಬಾಯಿ ಮುಖವೆತ್ತಿ ಪದ್ಮಾವತಿಯನ್ನು ನೋಡಿದರು. ಆ ಮುಖದಲ್ಲಿ ಎಂಥ ನಂಬಿಕೆ ಇತ್ತೆಂದರೆ, ಅದನ್ನು ನೋಡಿಯೂ ಸುಳ್ಳು ಹೇಳುವುದು ಅವಳಿಂದಾಗಲಿಲ್ಲ.

'ಕಾಕು, ಇವರು ಸುಳ್ಳು ಹೇಳಾಕತ್ತಾರ. ಫ್ರೀಜರ್ ಕೆಟ್ಟಿತ್ತು. ಕೂಗಿದ್ರ ಬಾಯಿ ಮುಚ್ಚಿಸಿದ್ರು. ಕಾಕಾ ಹಾಳಾಗಿ ಹೋದ್ರು.' ಆಮೇಲೆ ಸಭೆಯ ಕಡೆ ತಿರುಗಿ ಅದನ್ನೇ ಗುಜರಾತಿಯಲ್ಲಿ ಹೇಳಿದಳು. ಮಕರಪುರದ ಗಲ್ಲಿಯಲ್ಲಿ ಕಲಿತ ಗುಜರಾತಿ; ಕೊನೆಯ ಸಾಲಿನವರೆಗೂ ಕೇಳಿಸಿತು. ಝವೇರಿ ಮೈಕಿಗೆ ಕೈಹಾಕಿದರು. ಅವಳು ಬಿಡಲಿಲ್ಲ.

ಸುಶೀಲಾಬಾಯಿ ಅಳಲಿಲ್ಲ. 'ನಿನ್ನ ಕೈಯಾಗ ಕೊಟ್ಟಿದ್ದೆನಲ್ಲ ಪದ್ದಿ' ಎಂದರು. ಪದ್ಮಾವತಿ ತಲೆ ತಗ್ಗಿಸಿದಳು. ಸುಶೀಲಾಬಾಯಿ ಕೇಳಿದರು: 'ಈಗ ಎಲ್ಲಿದ್ದಾರ?'

'ಕೆಳಗ. ಕಸದ ಚೀಲದಾಗ. ಗಾಡಿಗೆ ಕೊಟ್ಟಿಲ್ಲ ಕಾಕು, ನಾನ ಇಟಗೊಂಡೇನಿ.'

ಸುಶೀಲಾಬಾಯಿ ಹೆಗಲ ಮೇಲಿನ ಶಾಲು ತೆಗೆದು ಮಡಿಲಲ್ಲಿ ಹಾಸಿಕೊಂಡರು. 'ಹೋಗು, ತಗೊಂಡು ಬಾ. ಇದರಾಗ ಸುತ್ತಿಕೊಂಡು ಒಯ್ತೀನಿ. ಅವರನ್ನ ನಾನ ಸುಡತೀನಿ, ಇವರ ಗಾಡಿಯವರಲ್ಲ.'

'ಹಾಗೆಲ್ಲ ಕೊಡಲು ನಿಯಮವಿಲ್ಲ' ಎಂದು ಝವೇರಿ ಏನೇನೋ ಹೇಳುತ್ತಿದ್ದರು. ಸುಶೀಲಾಬಾಯಿ ಕುರ್ಚಿ ಬಿಟ್ಟು ಏಳಲಿಲ್ಲ. ಸೂರತ್ತಿನ ವ್ಯಾಪಾರಿ ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದು ಎದ್ದು ನಿಂತರು; ಅವರ ಹಿಂದೆ ಉಳಿದವರೂ ಎದ್ದರು.

ಪದ್ಮಾವತಿ ಸೊಂಟದಿಂದ ಕೀಲಿಕೈ ತೆಗೆದು ಮೆಟ್ಟಿಲ ಕಡೆ ನಡೆದಳು.

'ಎಲ್ಲಿಗೆ ಹೊರಟೆ?' ಎಂದು ಝವೇರಿ ಹಿಂದಿನಿಂದ ಗದರಿದರು.

'ಅವರನ್ನು ಕರೆದುಕೊಂಡು ಬರುತ್ತೇನೆ ಸರ್' ಎಂದಳು ಪದ್ಮಾವತಿ.