ಎಂಜಿನ್ ಇಲ್ಲದ ಲಾರಿಯ ಆಯಿಲ್ ಮೀಟರು

ದೆವ್ವ, ಶಕುನ, ಸೂಚನೆ ಇವನ್ನೆಲ್ಲ ನಾನು ನಂಬಿದವನಲ್ಲ. ಯಾರಾದರೂ ಅಂಥದ್ದನ್ನು ಹೇಳಲು ಶುರುಮಾಡಿದರೆ ಎದ್ದು ಹೋಗುತ್ತಿದ್ದೆ. ಈಗ ನಾನೇ ಹೇಳಲು ಕೂತಿದ್ದೇನೆ. ನೀವು ಎದ್ದು ಹೋದರೂ ನನಗೆ ಬೇಸರವಿಲ್ಲ.

ಬನವಾಸಿಯಲ್ಲಿ ನಮ್ಮದೊಂದು ಹಳೆಯ ಲಾರಿ ಇತ್ತು. ಅಪ್ಪ ಕೊಂಡದ್ದು, ಮುಂದೆ ಉದ್ದ ಮೂತಿಯದ್ದು. ಅಪ್ಪನ ನಂತರ ಅಣ್ಣ ಅದರಲ್ಲಿ ಭತ್ತ, ಅನಾನಸು, ಶುಂಠಿ ಹೇರಿಕೊಂಡು ಯಲ್ಲಾಪುರದ ಘಟ್ಟ ಇಳಿದು ಹತ್ತಿದ. ರಸ್ತೆ ಬಿಟ್ಟರೆ ಅವನ ಕಣ್ಣು ಆಯಿಲ್ ಮೀಟರಿನ ಮೇಲೆ. ಹಳೆಯ ಲಾರಿಗಳಲ್ಲಿ ಎಂಜಿನ್ನಿನ ಎಣ್ಣೆ ತೆಳುವಾದ ತಾಮ್ರದ ಪೈಪಿನಲ್ಲಿ ಮೀಟರಿನವರೆಗೂ ಬರುತ್ತದೆ. ಎಣ್ಣೆ ಒತ್ತಿದಷ್ಟು ಮುಳ್ಳು ಏಳುತ್ತದೆ. ವೈರು, ಬ್ಯಾಟರಿ ಏನೂ ಇಲ್ಲ. ಬೆಳಿಗ್ಗೆ ಎಣ್ಣೆ ತಣ್ಣಗೆ ಮಂದವಾಗಿದ್ದಾಗ ಮುಳ್ಳು ಮೇಲೆ ನಿಂತರೆ ಅಣ್ಣ ಹಿಗ್ಗುತ್ತಿರಲಿಲ್ಲ. ಎಂಜಿನ್ ಕಾದು ಎಣ್ಣೆ ತೆಳುವಾದ ಮೇಲೂ, ಏರಿನಲ್ಲಿ ನಲವತ್ತರ ಹತ್ತಿರ ನಿಂತರೆ ಮಾತ್ರ ಅವನಿಗೆ ಸಮಾಧಾನ.

ಎರಡೂ ಕಿಡ್ನಿ ಕೆಟ್ಟ ಮೇಲೆ ಅವನು ಲಾರಿ ಓಡಿಸುವುದನ್ನು ಬಿಟ್ಟ. ಡಯಾಲಿಸಿಸ್‌ಗೆ ಶಿರಸಿಗೆ ನಾನೇ ಕರೆದೊಯ್ಯುತ್ತಿದ್ದೆ. ವಾಸಿಯಾಗುವ ಕಾಯಿಲೆಯಲ್ಲ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಉಳಿದ ದಿನ ಅವನು ಅಂಗಳದಲ್ಲಿ ನಿಂತ ಲಾರಿಯೊಳಗೆ ಹೋಗಿ ಕೂರುತ್ತಿದ್ದ. ಎಂಜಿನ್ನಿನ ಬೇರಿಂಗ್ ಸವೆದು, ಎಣ್ಣೆ ಒತ್ತದೆ, ಮೀಟರಿನ ಮುಳ್ಳೂ ಏಳದಂತಾಗಿತ್ತು. ಅವನ ಮನಸ್ಸಿಗಾಗಿ ಎಂಜಿನ್ ಇಳಿಸಿ ಶಿರಸಿಯ ಗ್ಯಾರೇಜಿಗೆ ಕಳಿಸಿದೆವು.

ಅದಾದ ಮೇಲೆ ಒಂದು ಬೆಳಿಗ್ಗೆ, ಆಸ್ಪತ್ರೆಗೆ ಹೊರಡಲು ಕಾರು ತಂದು ನಿಲ್ಲಿಸಿದ್ದೆ. ಅಣ್ಣ ಲಾರಿಯೊಳಗಿಂದ ಕೂಗಿದ.

"ಎಂಜಿನ್ ಯಾವಾಗ ತಂದು ಕೂಡ್ಸಿದ್ರೋ?"

"ಇನ್ನೂ ಬಂದಿಲ್ಲಣ್ಣ."

"ಮತ್ತ ಇದೇನು?"

ಹತ್ತಿ ನೋಡಿದೆ. ಮುಳ್ಳು ನಲವತ್ತರ ಮೇಲಿತ್ತು. ಸುಮ್ಮನೆ ಸಿಕ್ಕಿಕೊಂಡು ನಿಂತಿರಲಿಲ್ಲ. ಎಂಜಿನ್ ಚಾಲೂ ಇದ್ದಾಗಿನಂತೆ ಸಣ್ಣಗೆ ನಡುಗುತ್ತಿತ್ತು. ಗಾಜು ತಟ್ಟಿದೆ. ಬೀಳಲಿಲ್ಲ. ಇಳಿದು ಬಾನೆಟ್ ಎತ್ತಿದೆ. ಒಳಗೆ ಖಾಲಿ. ಕೆಳಗಿನ ನೆಲ, ಅಲ್ಲಿ ಮಲಗಿದ್ದ ನಾಯಿ ಕಾಣುತ್ತಿದ್ದವು. ಬಿಚ್ಚಿದ ತಾಮ್ರದ ಪೈಪು ನಾವು ಬಿಟ್ಟಂತೆಯೇ ಬಾಯಿ ತೆರೆದು ತೂಗುತ್ತಿತ್ತು. ಅದರ ತುದಿ ಮುಟ್ಟಿದೆ. ಬೆರಳಿಗೆ ಎಣ್ಣೆ ಹತ್ತಿತು. ಚಳಿಗಾಲದ ಬೆಳಗು, ಅಂಗಳಕ್ಕೆ ಬಿಸಿಲು ಬಂದಿರಲಿಲ್ಲ. ಆದರೂ ಆ ಎಣ್ಣೆ ಬಿಸಿಯಾಗಿತ್ತು.

ಅಣ್ಣ ನಗುತ್ತಿದ್ದ. ಅವನು ನಕ್ಕಿದ್ದನ್ನು ನೋಡಿ ಎಷ್ಟು ಕಾಲವಾಗಿತ್ತೋ. "ಇಲ್ಲದ ಎಂಜಿನ್ನಿಗೇ ಜೀವ ಬಂದೈತಿ, ನನಗ ಬರಂಗಿಲ್ಲೇನು? ಇವತ್ತ ದವಾಖಾನಿ ಬ್ಯಾಡ."

ನಾನು ಬೇಡಿಕೊಂಡೆ. ಎಣ್ಣೆಯ ದಾರಿ ಕಟ್ಟಿದರೂ ಮುಳ್ಳು ಮೇಲೆಯೇ ಇರುತ್ತದೆ, ಮೀಟರು ಚೆನ್ನಾಗಿ ತೋರಿಸುವಾಗಲೇ ಒಳಗೆ ಬೇರಿಂಗ್ ಸುಟ್ಟುಹೋಗುತ್ತಿರುತ್ತದೆ, ಇದನ್ನು ನೀನೇ ಕಲಿಸಿದ್ದಲ್ಲವಾ ಎಂದೆ. ಅವನು ಸ್ಟೇರಿಂಗ್ ಹಿಡಿದು ಕೂತುಬಿಟ್ಟ. ಕೂಗಾಟ ಕೇಳಿ ಅತ್ತಿಗೆ ಹಿತ್ತಲಿನಿಂದ ಓಡಿ ಬಂದರು. ಅಷ್ಟರಲ್ಲಿ ಮುಳ್ಳು ಸೊನ್ನೆಗೆ ಬಿದ್ದಿತ್ತು. ಅವರು ಅತ್ತರೂ ಅಣ್ಣ ಇಳಿಯಲಿಲ್ಲ. ಮಧ್ಯಾಹ್ನ ತಾನಾಗಿಯೇ ಬಂದು, ವೈದ್ಯರು ಬೇಡವೆಂದಿದ್ದ ಉಪ್ಪಿನಕಾಯಿ ಹಾಕಿಸಿಕೊಂಡು ರೊಟ್ಟಿ ತಿಂದ.

ಮರುದಿನ ಅವನಿಗೆ ಉಸಿರು ಕಟ್ಟಿತು. ಶಿರಸಿ ತಲುಪಿದೆವು, ಆದರೆ ಅವನು ಉಳಿಯಲಿಲ್ಲ.

ಎಂಜಿನ್ನೂ ಸರಿಹೋಗಲಿಲ್ಲ. ಅದರ ಕ್ರ್ಯಾಂಕ್ ದಂಡ ಬಿರುಕು ಬಿಟ್ಟಿತ್ತು, ಬದಲಿ ಎಲ್ಲೂ ಸಿಗಲಿಲ್ಲ. ಮೀಟರನ್ನು ಬಿಚ್ಚಿ ಗ್ಯಾರೇಜಿನವನಿಗೆ ತೋರಿಸಿದೆ. "ಹಳೇ ಮೀಟರಲ್ರಿ, ಒಮ್ಮೊಮ್ಮೆ ಸಿಕ್ಕೊಂತೈತಿ" ಎಂದ. ಅದು ನಡುಗುತ್ತಿತ್ತು, ಎಣ್ಣೆ ಬಿಸಿ ಇತ್ತು ಎಂದೆ. ಅವನು ಬೇರೆ ಮಾತು ತೆಗೆದ. ಅವನದು ತಪ್ಪೆನ್ನಲಾರೆ.

ಅತ್ತಿಗೆ ಈ ವಿಷಯ ಎತ್ತಿದ್ದು ಒಂದೇ ಸಲ, ಅಣ್ಣನ ವರ್ಷದ ಕಾರ್ಯ ಮುಗಿದ ಮೇಲೆ.

"ತಮ್ಮಾ, ನಾ ಬರೂದ್ರೊಳಗ ಮುಳ್ಳು ಬಿದ್ದಿತ್ತು. ನೀ ನೋಡಿದ್ದು ಖರೇನೋ, ಇಲ್ಲಾ ಅವರ ಸಮಾಧಾನಕ್ಕ ಹೂಂ ಅಂದ್ಯೋ?"

"ಖರೇನ ನೋಡೀನಿ, ಅತ್ತಿಗಿ."

"ಸುಳ್ಳು ಹೇಳಿದ್ದೆ ಅಂದಿದ್ರ ನಿನ್ನ ಮ್ಯಾಲ ಸಿಟ್ಟಾಗಿ ಹಗುರ ಆಗ್ತಿದ್ದೆ. ಈಗ ಯಾರ ಮ್ಯಾಲ ಸಿಟ್ಟಾಗ್ಲಿ ಹೇಳು" ಎಂದರು.