ಚಿಕ್ಕಬಸವಯ್ಯ ಮೇಷ್ಟ್ರ ಮುಖ್ಯ ಅತಿಥಿ

ಸಂವಿಧಾನ ಯಾರಿಗೆಲ್ಲ ಸೇರಿದ್ದೋ ನನಗೆ ತಿಳಿಯದು; ಸರಸ್ವತಿಪುರಂನ ನಮ್ಮ ಬೀದಿಯ ಮಟ್ಟಿಗೆ ಅದು ಚಿಕ್ಕಬಸವಯ್ಯ ಮೇಷ್ಟ್ರ ಸ್ವಂತ ಆಸ್ತಿ. ಹೈಸ್ಕೂಲಿನಲ್ಲಿ ಪೌರನೀತಿ ಹೇಳಿ ನಿವೃತ್ತರಾದ ಮೇಲೆ, ಭಾನುವಾರಗಳಂದು ತಮ್ಮ ವರಾಂಡದಲ್ಲಿ ನಿರಾಶ್ರಿತರಿಗೆ, ಊರಿಗೆ ಹೊಸದಾಗಿ ಬಂದವರಿಗೆ ಹಕ್ಕುಗಳ ಪಾಠ ಮಾಡುತ್ತಿದ್ದರು. ಫೀಸಿಲ್ಲ, ಕೊನೆಯಲ್ಲಿ ಚಪ್ಪಾಳೆ ತಟ್ಟಬೇಕು, ಅಷ್ಟೆ.

ತಪ್ಪದೆ ಬರುತ್ತಿದ್ದವರು ಯಾಂಗ್‌ಚೆನ್. ಮೇಷ್ಟ್ರ ಹಿತ್ತಲ ಕೋಣೆಯಲ್ಲೇ ಬಾಡಿಗೆಗಿದ್ದು, ಬೀದಿ ತಿರುವಿನಲ್ಲಿ ಮೊಮೊ ಅಂಗಡಿ ನಡೆಸುವ ಹೆಂಗಸು. ಟಿಬೆಟ್ಟಿನಿಂದ ಬಂದ ನಿರಾಶ್ರಿತರ ಮಗಳು. ಎಪ್ಪತ್ತರ ದಶಕದಲ್ಲಿ ಬೈಲಕುಪ್ಪೆಯಲ್ಲಿ ಹುಟ್ಟಿದವರು. ತಾನು ಈ ದೇಶಕ್ಕೆ ಬಂದ ನೆಂಟಳೆಂದೇ ನಂಬಿ ಐವತ್ತರ ಹತ್ತಿರ ಬಂದಿದ್ದರು.

“ನೆಂಟರಲ್ಲ ಕಣಮ್ಮ!” ಎಂದು ಮೇಷ್ಟ್ರು ಗುಡುಗಿದ್ದರು. “ಆಗ ಇಲ್ಲಿ ಹುಟ್ಟಿದೋರು ಹುಟ್ಟಿನಿಂದ್ಲೇ ಪ್ರಜೆಗಳು. ಹಕ್ಕು ಅನ್ನೋದು ಯಾರೋ ಕೊಡೋದಲ್ಲ, ಇರೋದು.”

ಕಚೇರಿಯಿಂದ ಕಚೇರಿಗೆ ಅಲೆದು ಆಕೆಗೆ ಓಟಿನ ಹಕ್ಕು ಸಿಗುವಂತೆ ಮಾಡಿದವರೂ ಅವರೇ. ಆಕೆಯ ಮತದಾರರ ಗುರುತಿನ ಚೀಟಿ ಅಂಚೆಯಲ್ಲಿ ಮೇಷ್ಟ್ರ ಕೈಗೇ ಬಂತು. ಅದನ್ನು ಹಿತ್ತಲಿಗೆ ಹೋಗಿ ಕೊಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಆದರೆ ಮೈಸೂರಿನಲ್ಲಿ ಶಾಲು, ಪೇಟ, ಮುಖ್ಯ ಅತಿಥಿ ಇಲ್ಲದೆ ಏನಾದರೂ ನಡೆದರೆ ಅದು ನಡೆದಂತೆಯೇ ಅಲ್ಲ. ಮತದಾನದ ದಿನ ವರಾಂಡದಲ್ಲಿ ಪುಟ್ಟ ಸಮಾರಂಭ, ಮಾಜಿ ಕಾರ್ಪೊರೇಟರ್ ಶಿವಪ್ರಕಾಶ್ ಕೈಯಿಂದ ಚೀಟಿ ಪ್ರದಾನ, ಆಮೇಲೆ ಮತಗಟ್ಟೆಗೆ—ಹೀಗೆಂದು ಮೇಷ್ಟ್ರು ನಿಶ್ಚಯಿಸಿದರು. ಚುನಾವಣೆಯ ದಿನ ರಾಜಕಾರಣಿಗೆ ಬಿಡುವಿರುತ್ತದೆಂದು ನಂಬಿದವರು ಊರಿಗೆಲ್ಲ ಅವರೊಬ್ಬರೇ.

ಅಂದು ಮೇಷ್ಟ್ರು ಸ್ನಾನ ಮುಗಿಸಿದವರೇ ಹೋಗಿ ತಮ್ಮ ಮತ ಹಾಕಿ ಬಂದರು. ಯಾಂಗ್‌ಚೆನ್ ಅಂಗಡಿ ಮುಚ್ಚಿ, ತಮ್ಮವರ ಹಬ್ಬದ ಉದ್ದುಡುಪು ತೊಟ್ಟು ವರಾಂಡದಲ್ಲಿ ಕುಳಿತರು. ಬೆಳಿಗ್ಗೆ ಬರಬೇಕಾದ ಶಿವಪ್ರಕಾಶ್ ಊಟದ ಹೊತ್ತಿಗೂ ಬರಲಿಲ್ಲ. ಫೋನಿನಲ್ಲಿ ಮಾತ್ರ, “ಬಂದ್ಬುಟ್ಟೆ ಸಾರ್, ಬೋಗಾದಿ ದಾಟ್ದೆ.”

“ರೀ, ಆ ಕಾರ್ಡ್ ಕೊಟ್ಬುಡ್ರೀ. ಪಾಪ, ಹೋಗ್ಬರ್ಲಿ,” ಎಂದರು ಹೆಂಡತಿ ಪ್ರೇಮಮ್ಮ.

“ನಿಂಗ್ ಗೊತ್ತಾಗಲ್ಲ, ಸುಮ್ನಿರೇ. ಐತಿಹಾಸಿಕ ಕ್ಷಣ ಇದು.”

“ಕ್ಷಣ ಅಂತೀರಿ, ಬೆಳಿಗ್ಗೆಯಿಂದ ಕೂರ್ಸಿದೀರಿ!”

ಶಿವಪ್ರಕಾಶ್ ಕಾರಿನಿಂದ ಇಳಿದಾಗ ಬಿಸಿಲು ಇಳಿದಿತ್ತು. ಸ್ವಾಗತ ಭಾಷಣ, ಶಾಲು, ಫೋಟೊ. ಮೇಷ್ಟ್ರ ಕಣ್ಣು ಮುಚ್ಚಿದ್ದರಿಂದ ಇನ್ನೊಂದು ಫೋಟೊ. ಮತಗಟ್ಟೆ ತಲುಪುವಷ್ಟರಲ್ಲಿ ಗೇಟು ಹಾಕಿತ್ತು.

“ಟೈಮಾಯ್ತು ಕಣ್ರೀ,” ಎಂದರು ಪೊಲೀಸಿನವರು.

“ನಾನು ಪೌರನೀತಿ ಮೇಷ್ಟ್ರು…”

“ಹಂಗಾದ್ರೆ ನಿಮ್ಗೇ ಗೊತ್ತಿರ್ಬೇಕಲ್ಲ ಸಾರ್.”

ಶಾಲು ಹೊದ್ದೇ ನಿಂತಿದ್ದ ಯಾಂಗ್‌ಚೆನ್ ರೇಗಲಿಲ್ಲ. ತರಗತಿಯಲ್ಲಿ ಸಂದೇಹ ಕೇಳುವ ಹಾಗೆ ಮೆತ್ತಗೆ ಹೇಳಿದರು: “ಓಟು ಹಾಕೋಕೆ ಮುಖ್ಯ ಅತಿಥಿ ಬೇಕು ಅಂತ ನೀವು ಪಾಠದಲ್ಲಿ ಹೇಳಿರ್ಲಿಲ್ಲ ಸಾರ್.”

ಉತ್ತರಿಸಲು ಮೇಷ್ಟ್ರು ಅಭ್ಯಾಸದಂತೆ ಎಡಗೈ ಎತ್ತಿದರು. ತೋರುಬೆರಳಿನ ಮೇಲೆ ಬೆಳಗಿನ ಶಾಯಿ ಕಪ್ಪಗೆ ಕೂತಿತ್ತು. ಆಕೆ ಅದನ್ನು ನೋಡಿದರು. ತಮ್ಮ ಬರಿಯ ಬೆರಳನ್ನೂ ನೋಡಿಕೊಂಡರು. ಮೇಷ್ಟ್ರು ಕೈಯನ್ನು ಜೇಬಿಗೆ ಇಳಿಸಿದರು.

ಆ ಶಾಯಿ ತಯಾರಾಗುವುದು ನಮ್ಮ ಮೈಸೂರಿನಲ್ಲೇ, ಉಜ್ಜಿದರೂ ವಾರಗಟ್ಟಲೆ ಹೋಗದು ಎಂದು ಪಾಠದಲ್ಲಿ ಹೆಮ್ಮೆಪಡುತ್ತಿದ್ದವರೂ ಅವರೇ. ಮುಂದಿನ ಭಾನುವಾರಗಳಲ್ಲಿ ಎಡಗೈ ಜೇಬಿನಲ್ಲಿಟ್ಟೇ ಪಾಠ ನಡೆಯಿತು. ಯಾಂಗ್‌ಚೆನ್ ಎಂದಿನಂತೆ ಬಂದು ಮುಂದಿನ ಸಾಲಿನಲ್ಲೇ ಕೂರುತ್ತಿದ್ದರು. ಚಪ್ಪಾಳೆಯ ಹೊತ್ತಿಗಿಂತ ಮೊದಲೇ ಮೇಷ್ಟ್ರು ಎದ್ದು ಒಳಗೆ ಹೋಗಿಬಿಡುತ್ತಿದ್ದರು.